ಅಕ್ಕನಿಗೆ ಮೈಕ್ರೋ ಆರ್‌ಎನ್‌ಎ ರಕ್ತಪರೀಕ್ಷೆ ಮಾಡಿಸಬೇಕಾ?

ಪ್ರಶ್ನೆ: ನನ್ನ ಅಕ್ಕನಿಗೆ 44 ವರ್ಷ. ಎಡ ಸ್ತನದಲ್ಲಿ ಗಡ್ಡೆ ಇತ್ತು, ಆಪರೇಷನ್ ಆಯ್ತು. ಗಡ್ಡೆ 2.2 ಸೆಂ.ಮೀ., ಇಆರ್ ಮತ್ತು ಪಿಆರ್ ಪಾಸಿಟಿವ್, ಹರ್-2 ನೆಗೆಟಿವ್, ಕಂಕುಳಿನ ಗ್ರಂಥಿಗಳಿಗೆ ಹರಡಿಲ್ಲ ಅಂತ ರಿಪೋರ್ಟ್ ಬಂದಿದೆ. ಕೀಮೋ ಬೇಕಾ ಬೇಡ್ವಾ ಅಂತ ನೋಡೋಕೆ ಡಾಕ್ಟರು '21 ಜೀನ್ ಟೆಸ್ಟ್' ಅಂದಿದ್ದಾರೆ. ಅಷ್ಟರಲ್ಲಿ ಪರಿಚಯದವರೊಬ್ಬರು, ಅದು ತುಂಬಾ ದುಬಾರಿ, ರಕ್ತದಲ್ಲಿ ಮೈಕ್ರೋ ಆರ್‌ಎನ್‌ಎ ನೋಡಿ ಕ್ಯಾನ್ಸರ್ ವಾಪಸ್ ಬರುತ್ತಾ ಅಂತ ಹೇಳುವ ಟೆಸ್ಟ್ ಇದೆ, ಅದನ್ನೇ ಮಾಡಿಸಿ ಅಂದರು. ನೆಟ್‌ನಲ್ಲಿ ಹುಡುಕಿದರೆ 'ಮಿರ್-21' ಜಾಸ್ತಿಯಾದರೆ ಸ್ತನ ಕ್ಯಾನ್ಸರ್ ಬರುತ್ತದೆ ಅಂತ ಇದೆ. ಇದೂ 21 ಜೀನ್ ಟೆಸ್ಟೂ ಒಂದೇನಾ? ಅದನ್ನು ಇಳಿಸೋಕೆ ಔಷಧಿಯೋ ಆಹಾರವೋ ಇದೆಯಾ? ಇದು ನನಗೂ ಬರಬಹುದಾ?
ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಮೊದಲು ನೇರ ಉತ್ತರ ಕೊಟ್ಟುಬಿಡುತ್ತೇನೆ. ಆ ರಕ್ತಪರೀಕ್ಷೆಗೆ ಈಗ ದುಡ್ಡು ಹಾಕಬೇಡಿ. ಡಾಕ್ಟರು ಹೇಳಿದ 21 ಜೀನ್ ಟೆಸ್ಟೇ ಬೇರೆ, ಮಿರ್-21 ಬೇರೆ. ಮೊದಲನೆಯದರಲ್ಲಿ 21 ಅನ್ನೋದು ಎಷ್ಟು ಜೀನ್‌ಗಳನ್ನು ಅಳೆಯುತ್ತಾರೆ ಅನ್ನುವ ಲೆಕ್ಕ. ಮಿರ್ ಅಂದರೆ ಮೈಕ್ರೋ ಆರ್‌ಎನ್‌ಎಗೆ ಚುಟುಕು ಹೆಸರು, ಹಾಗಾಗಿ ಎರಡನೆಯದರಲ್ಲಿ ಅದು ಬರೀ ಕ್ರಮಸಂಖ್ಯೆ, ಪತ್ತೆಯಾದ ಸಾಲಿನಲ್ಲಿ ಬಿದ್ದ ನಂಬರು. ಎರಡಕ್ಕೂ ಸಂಬಂಧವಿಲ್ಲ.

ಹಾಗಂತ ನಿಮ್ಮ ಪರಿಚಯದವರು ಹೇಳಿದ್ದು ಬರೀ ಸುಳ್ಳು ಅಂತ ತಿಳಿಯಬೇಡಿ. ಸ್ತನ ಕ್ಯಾನ್ಸರ್ ಬೆಳೆಯುವುದರಲ್ಲಿ, ಹರಡುವುದರಲ್ಲಿ ಮೈಕ್ರೋ ಆರ್‌ಎನ್‌ಎಗಳ ಕೈವಾಡ ನಿಜಕ್ಕೂ ಇದೆ. ನಾನು ಈ ವಿಷಯದಲ್ಲೇ ಲ್ಯಾಬಿನಲ್ಲಿ ಕೆಲಸ ಮಾಡುವವಳು, ಇದರ ಬಗ್ಗೆ ನನಗೆ ಬಹಳ ಪ್ರೀತಿಯೂ ಇದೆ, ನಂಬಿಕೆಯೂ ಇದೆ. ಅದಕ್ಕೇ ಅರ್ಧ ಬೆಂದ ಟೆಸ್ಟ್‌ಗಳನ್ನು ಗಾಬರಿಯಲ್ಲಿರುವ ಮನೆಯವರಿಗೆ ದಾಟಿಸುವುದು ಕಂಡರೆ ಸಂಕಟವಾಗುತ್ತದೆ. ಯಾಕೆ ಬೇಡ ಅನ್ನುತ್ತಿದ್ದೇನೆ ಅಂತ ನಿಮಗೆ ಅರ್ಥವಾಗಬೇಕಾದರೆ ಇವು ಏನು ಮಾಡುತ್ತವೆ ಅಂತ ಸ್ವಲ್ಪ ಹೇಳಲೇಬೇಕು.

ನಮ್ಮ ಜೀವಕೋಶದಲ್ಲಿ ಡಿಎನ್‌ಎ ಇದೆ. ಅದರಲ್ಲಿರುವ ಒಂದು ಜೀನ್ ಪ್ರೋಟೀನ್ ಆಗಬೇಕಾದರೆ ಮೊದಲು ಅದರ ನಕಲು ತಯಾರಾಗಬೇಕು. ಆ ನಕಲೇ ಮೆಸೆಂಜರ್ ಆರ್‌ಎನ್‌ಎ. ಅದನ್ನು ಓದಿ ಪ್ರೋಟೀನ್ ಕಟ್ಟುತ್ತಾರೆ ಅಂತ ಪಿಯುಸಿಯಲ್ಲಿ ಓದಿರುತ್ತೀರಿ. ಆದರೆ ಎಲ್ಲ ಆರ್‌ಎನ್‌ಎಯಿಂದಲೂ ಪ್ರೋಟೀನ್ ಆಗುವುದಿಲ್ಲ. ಕೆಲವು ಜೀನ್‌ಗಳಿಂದ ಬರುವ ಆರ್‌ಎನ್‌ಎ ತನ್ನ ಮೇಲೆ ತಾನೇ ಮಡಚಿಕೊಂಡು ಹೇರ್‌ಪಿನ್ ಆಕಾರಕ್ಕೆ ಬರುತ್ತದೆ. ಕೋಶಕೇಂದ್ರದಲ್ಲಿ ಡ್ರೋಶ ಅನ್ನುವ ಕಿಣ್ವ ಅದನ್ನು ಸುಮಾರು 70 ಅಕ್ಷರಕ್ಕೆ (ಆರ್‌ಎನ್‌ಎ ಅಂದರೆ ಎ, ಯು, ಜಿ, ಸಿ ಎಂಬ ನಾಲ್ಕು ಅಕ್ಷರಗಳ ಸರಪಳಿ) ಕತ್ತರಿಸುತ್ತದೆ, ಹೊರಗೆ ಬಂದ ಮೇಲೆ ಡೈಸರ್ ಅನ್ನುವ ಇನ್ನೊಂದು ಕಿಣ್ವ ಮತ್ತೆ ಕತ್ತರಿಸುತ್ತದೆ, ಕೊನೆಗೆ ಉಳಿಯುವುದು ಸುಮಾರು 22 ಅಕ್ಷರದ ಒಂದು ತುಂಡು. ಅದೇ ಮೈಕ್ರೋ ಆರ್‌ಎನ್‌ಎ. ಆರ್ಗೊನಾಟ್ ಅನ್ನುವ ಪ್ರೋಟೀನ್ ಅದನ್ನು ಹಿಡಿದುಕೊಂಡು, ತನಗೆ ಹೊಂದುವ ಮೆಸೆಂಜರ್ ಆರ್‌ಎನ್‌ಎ ಎಲ್ಲಿದೆ ಅಂತ ಹುಡುಕುತ್ತಾ ಹೋಗುತ್ತದೆ.

ಮಿರ್-21ನ್ನೇ ಹತ್ತಿರದಿಂದ ನೋಡಿ. ಅದರ 22 ಅಕ್ಷರಗಳಲ್ಲಿ ಮುಖ್ಯವಾಗಿ ಕೆಲಸಕ್ಕೆ ಬರುವುದು ಎರಡರಿಂದ ಎಂಟರವರೆಗಿನ ಏಳು ಅಕ್ಷರ: ಎ, ಜಿ, ಸಿ, ಯು, ಯು, ಎ, ಯು. ಯಾವ ಮೆಸೆಂಜರ್ ಆರ್‌ಎನ್‌ಎಯ ಬಾಲದಲ್ಲಿ ಇದಕ್ಕೆ ಜೋಡಿಯಾಗುವ ಏಳು ಅಕ್ಷರ ಇದೆಯೋ ಅಲ್ಲಿ ಇದು ಹೋಗಿ ಕೂರಬಹುದು. ಕೂತರೆ ಆ ಮೆಸೆಂಜರ್ ಬೇಗ ಹಾಳಾಗುತ್ತದೆ, ಅಥವಾ ಅದರಿಂದ ಪ್ರೋಟೀನ್ ಕಡಿಮೆ ತಯಾರಾಗುತ್ತದೆ. ಏಳೇ ಅಕ್ಷರ ಸಾಕು ಅಂದಮೇಲೆ ಒಂದು ಮೈಕ್ರೋ ಆರ್‌ಎನ್‌ಎಗೆ ನೂರಾರು ಜೀನ್‌ಗಳ ಜೊತೆ ವ್ಯವಹಾರ ಇರುತ್ತದೆ, ಒಂದು ಜೀನ್ ಮೇಲೆ ಹತ್ತಾರು ಮೈಕ್ರೋ ಆರ್‌ಎನ್‌ಎಗಳ ಕೈ ಇರುತ್ತದೆ. ಮತ್ತೆ, ಪ್ರತಿಯೊಂದರ ಪರಿಣಾಮವೂ ಸಣ್ಣದು. ಇವು ಸ್ವಿಚ್ ಅಲ್ಲ, ಫ್ಯಾನಿನ ರೆಗ್ಯುಲೇಟರ್ ಇದ್ದ ಹಾಗೆ. ಪ್ರೋಟೀನನ್ನು ಪೂರ್ತಿ ನಿಲ್ಲಿಸುವುದಿಲ್ಲ, ಒಂದು ಪಾಯಿಂಟ್ ಇಳಿಸುತ್ತವೆ. ಬಹಳ ಸಲ ಅರ್ಧಕ್ಕೂ ಇಳಿಯುವುದಿಲ್ಲ.

ಇವು ಇವೆ ಅಂತ ಮೊದಲು ಗೊತ್ತಾಗಿದ್ದು 1993ರಲ್ಲಿ, ಒಂದು ಮಿಲಿಮೀಟರ್ ಉದ್ದದ ಒಂದು ಹುಳುವಿನಲ್ಲಿ. ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರವ್‌ಕುನ್ ಕಂಡುಹಿಡಿದರು. ಇದು ಹುಳುವಿನ ವಿಚಿತ್ರ ಅಂತ ಏಳು ವರ್ಷ ಹೆಚ್ಚಿನವರು ಸುಮ್ನೆ ಇದ್ದರು. 2000ದಲ್ಲಿ ರವ್‌ಕುನ್ ತಂಡಕ್ಕೆ ಲೆಟ್-7 ಅನ್ನುವ ಇನ್ನೊಂದು ಮೈಕ್ರೋ ಆರ್‌ಎನ್‌ಎ ಸಿಕ್ಕಿತು, ಅದು ನೋಡಿದರೆ ಮನುಷ್ಯನಲ್ಲೂ ಇದೆ! ಆಮೇಲೆ ಎಲ್ಲರ ಕಣ್ಣು ಇತ್ತ ತಿರುಗಿತು. ಇಬ್ಬರಿಗೂ 2024ರ ನೊಬೆಲ್ ಬಂತು.

ಸ್ತನ ಕ್ಯಾನ್ಸರ್ ಕಡೆಗೆ ಬಂದರೆ, ಅಮೆರಿಕದ ಒಹಾಯೊದಲ್ಲಿ ಕಾರ್ಲೊ ಕ್ರೋಚೆ ಅವರ ತಂಡ 2005ರಲ್ಲಿ 76 ಗಡ್ಡೆಗಳನ್ನೂ 10 ಆರೋಗ್ಯವಂತ ಸ್ತನ ಅಂಗಾಂಶಗಳನ್ನೂ ಹೋಲಿಸಿ ನೋಡಿತು. ಮಿರ್-21 ಮತ್ತು ಮಿರ್-155 ಗಡ್ಡೆಯಲ್ಲಿ ಜಾಸ್ತಿ ಇದ್ದವು, ಮಿರ್-10ಬಿ, ಮಿರ್-125ಬಿ, ಮಿರ್-145 ಕಡಿಮೆ ಇದ್ದವು. ನೀವು ನೆಟ್‌ನಲ್ಲಿ ಓದಿದ್ದರ ಬೇರು ಹೆಚ್ಚುಕಡಿಮೆ ಇಲ್ಲಿದೆ. ಮಿರ್-21 ಹಿಡಿದು ಕೂರುವ ಜೀನ್‌ಗಳಲ್ಲಿ ಪಿಟೆನ್ ಇದೆ, ಪಿಡಿಸಿಡಿ-4 ಇದೆ. ಇವೆರಡೂ ಕ್ಯಾನ್ಸರ್‌ಗೆ ಕಡಿವಾಣ ಹಾಕುವ ಜೀನ್‌ಗಳು. ಮಿರ್-21 ಜಾಸ್ತಿಯಾದರೆ ಅವು ಕುಗ್ಗುತ್ತವೆ, ಕೋಶ ಸಾಯಬೇಕಾದಾಗ ಸಾಯುವುದಿಲ್ಲ.

ಆದರೆ "ಜಾಸ್ತಿಯಾದರೆ ಕ್ಯಾನ್ಸರ್ ಬರುತ್ತದೆ" ಅನ್ನೋದು ಬೇರೆ ಮಾತು. ಮಿರ್-21 ಉರಿಯೂತದಲ್ಲೂ ಏರುತ್ತದೆ, ಹೃದಯದ ತೊಂದರೆಯಲ್ಲೂ ಏರುತ್ತದೆ, ಇನ್ನೂ ಹಲವು ಕ್ಯಾನ್ಸರ್‌ಗಳಲ್ಲೂ ಏರುತ್ತದೆ. ಗಡ್ಡೆಯ ತೆಳು ಪದರ ತೆಗೆದು ಮಿರ್-21 ಎಲ್ಲಿದೆ ಅಂತ ಬಣ್ಣ ಹಚ್ಚಿ ನೋಡಿದ ಅಧ್ಯಯನಗಳಲ್ಲಿ ಅದು ಕ್ಯಾನ್ಸರ್ ಕೋಶಗಳ ಬದಲು ಅವುಗಳ ಸುತ್ತಲಿನ ನಾರಿನ ಅಂಗಾಂಶದಲ್ಲಿ ಹೆಚ್ಚಾಗಿ ಕಂಡಿದ್ದೂ ಇದೆ. ಗಡ್ಡೆಯನ್ನು ಅರೆದು ಒಟ್ಟಿಗೆ ಅಳೆದರೆ ಈ ವ್ಯತ್ಯಾಸ ಗೊತ್ತೇ ಆಗುವುದಿಲ್ಲ.

ನನಗೆ ಇಡೀ ಕ್ಷೇತ್ರದಲ್ಲಿ ಜಾಸ್ತಿ ಪಾಠ ಕಲಿಸಿದ್ದು ಮಿರ್-10ಬಿ. ಮೇಲೆ ಹೇಳಿದೆನಲ್ಲ, 2005ರಲ್ಲಿ ಗಡ್ಡೆಗಳಲ್ಲಿ ಇದು ಕಡಿಮೆ ಇದೆ ಅಂತ ಬಂತು. ಹಾಗಾದರೆ ಇದು ಒಳ್ಳೆಯದು, ಕ್ಯಾನ್ಸರನ್ನು ತಡೆಯುವಂಥದ್ದು ಅಂತ ಅನಿಸಬೇಕು ತಾನೆ? 2007ರಲ್ಲಿ ರಾಬರ್ಟ್ ವೈನ್‌ಬರ್ಗ್ ಅವರ ಲ್ಯಾಬಿನಿಂದ ಉಲ್ಟಾ ಸುದ್ದಿ ಬಂತು. ಬೇರೆ ಅಂಗಗಳಿಗೆ ಹರಡುವ ಗುಣವಿರುವ ಸ್ತನ ಕ್ಯಾನ್ಸರ್ ಕೋಶಗಳಲ್ಲಿ ಮಿರ್-10ಬಿ ಹೆಚ್ಚಿತ್ತು. ಟ್ವಿಸ್ಟ್ ಅನ್ನುವ ಜೀನ್ ಅದನ್ನು ಏರಿಸುತ್ತದೆ, ಅದು ಹಾಕ್ಸ್-ಡಿ10 ಅನ್ನು ಇಳಿಸುತ್ತದೆ, ಹಾಕ್ಸ್-ಡಿ10 ಇಳಿದರೆ ಅದು ಅದುಮಿಟ್ಟಿದ್ದ, ಕೋಶದ ಓಡಾಟಕ್ಕೆ ನೆರವಾಗುವ ರೋ-ಸಿ ಮೇಲೇಳುತ್ತದೆ, ಕೋಶ ಜಾಗ ಬಿಟ್ಟು ಹೊರಡುತ್ತದೆ. ಸುಮ್ಮನೆ ಒಂದೇ ಕಡೆ ಬೆಳೆಯುತ್ತಿದ್ದ ಕೋಶಗಳಿಗೆ ಮಿರ್-10ಬಿ ಒಂದನ್ನು ಹೆಚ್ಚಿಸಿದರೂ ಇಲಿಯಲ್ಲಿ ಅವು ಹರಡತೊಡಗಿದವು. ಮರುವರ್ಷ ಇನ್ನೊಂದು ತಂಡ ರೋಗಿಗಳ ಗಡ್ಡೆಗಳಲ್ಲಿ ಮಿರ್-10ಬಿ ಅಳೆದು, ಅದರ ಪ್ರಮಾಣಕ್ಕೂ ಮುಂದೆ ಕ್ಯಾನ್ಸರ್ ಹರಡುವುದಕ್ಕೂ ನಮಗೆ ನಂಟು ಕಾಣಲಿಲ್ಲ ಅಂತ, ವೈನ್‌ಬರ್ಗ್ ಅವರ ಪ್ರಬಂಧ ಬಂದಿದ್ದ ಪತ್ರಿಕೆಯಲ್ಲೇ ಬರೆಯಿತು.

ಇದರಲ್ಲಿ ಯಾರೋ ಒಬ್ಬರು ತಪ್ಪು ಅಂತ ಅಂದುಕೊಳ್ಳಬೇಕಿಲ್ಲ. ಗಡ್ಡೆಯಲ್ಲಿ ಕೋಟಿಗಟ್ಟಲೆ ಕೋಶಗಳಿರುತ್ತವೆ, ಹೊರಟು ಹೋಗುವುದು ಕೆಲವೇ ಕೆಲವು. ಇಡೀ ಗಡ್ಡೆಯ ಸರಾಸರಿ ತೆಗೆದರೆ ಆ ಕೆಲವು ಕೋಶಗಳ ಕಥೆ ಮುಚ್ಚಿಹೋಗುತ್ತದೆ. ಅಂದರೆ ಒಂದು ಮೈಕ್ರೋ ಆರ್‌ಎನ್‌ಎ ಕ್ಯಾನ್ಸರ್ ಹರಡುವುದರಲ್ಲಿ ನಿಜವಾಗಿ ಪಾತ್ರ ವಹಿಸಬಹುದು, ಆದರೂ ಅದನ್ನು ಅಳೆದು ಒಬ್ಬ ರೋಗಿಯ ಭವಿಷ್ಯ ಹೇಳುವುದು ಆಗದೇ ಇರಬಹುದು. ನಿಮ್ಮ ಪ್ರಶ್ನೆಗೆ ಇದೇ ತಿರುಳು.

ಹರಡುವುದನ್ನು ತಡೆಯುವ ಮೈಕ್ರೋ ಆರ್‌ಎನ್‌ಎಗಳೂ ಇವೆ. ಮಿರ್-200 ಕುಟುಂಬ ಅಂತ ಒಂದಿದೆ, ಅದು ಜೆಬ್-1, ಜೆಬ್-2 ಎಂಬ ಜೀನ್‌ಗಳನ್ನು ಅದುಮಿಟ್ಟುಕೊಂಡು ಕೋಶಗಳು ಒಂದಕ್ಕೊಂದು ಅಂಟಿಕೊಂಡೇ ಇರುವಂತೆ ನೋಡಿಕೊಳ್ಳುತ್ತದೆ. ಮಿರ್-335, ಮಿರ್-126 ಕೂಡ ಇದೇ ಜಾತಿ, 2008ರಲ್ಲಿ ಪತ್ತೆಯಾದವು. ಲೆಟ್-7 ಕಡಿಮೆಯಾದರೆ ಸ್ತನ ಕ್ಯಾನ್ಸರಿನ ಕಾಂಡಕೋಶಗಳು, ಅಂದರೆ ಹೊಸ ಕ್ಯಾನ್ಸರ್ ಕೋಶಗಳನ್ನು ಹುಟ್ಟಿಸುತ್ತಲೇ ಇರುವ ಕೋಶಗಳು, ಬಲವಾಗುತ್ತವೆ ಅಂತ 2007ರಲ್ಲಿ ಗೊತ್ತಾಯಿತು. ಇನ್ನೊಂದು ನನಗೆ ಇವತ್ತಿಗೂ ಬೆರಗು ಹುಟ್ಟಿಸುತ್ತದೆ. ಹರಡುವ ಕೋಶಗಳು ಮಿರ್-105 ಅನ್ನು ಸಣ್ಣ ಕೊಬ್ಬಿನ ಗುಳ್ಳೆಗಳಲ್ಲಿ ತುಂಬಿ ಹೊರಗೆ ಬಿಡುತ್ತವೆ. ಅದು ರಕ್ತನಾಳದ ಗೋಡೆಯ ಕೋಶಗಳೊಳಗೆ ಹೋಗಿ, ಅವುಗಳ ನಡುವಿನ ಬಿಗಿ ಬೆಸುಗೆಗೆ ಬೇಕಾದ ಝಡ್‌ಒ-1 ಅನ್ನುವ ಪ್ರೋಟೀನನ್ನು ಇಳಿಸುತ್ತದೆ. ಗೋಡೆ ಸಡಿಲವಾಗುತ್ತದೆ, ಕ್ಯಾನ್ಸರ್ ಕೋಶ ಒಳಗೆ ನುಗ್ಗುತ್ತದೆ.

ಅಕ್ಕನಿಗೆ ಇಆರ್ ಪಾಸಿಟಿವ್, ಅಂದರೆ ಗಡ್ಡೆಯ ಕೋಶಗಳಲ್ಲಿ ಈಸ್ಟ್ರೋಜನ್ ಹಾರ್ಮೋನನ್ನು ಹಿಡಿಯುವ ರಿಸೆಪ್ಟರ್ ಇರುವುದರಿಂದ ಟ್ಯಾಮಾಕ್ಸಿಫೆನ್ ಥರದ ಹಾರ್ಮೋನ್ ಔಷಧಿ ವರ್ಷಗಟ್ಟಲೆ ತೆಗೆದುಕೊಳ್ಳಬೇಕಾಗುತ್ತದೆ. ಅದಕ್ಕೆ ಸಂಬಂಧಪಟ್ಟಿದ್ದು ಮಿರ್-221 ಮತ್ತು 222. ಇವು ಜಾಸ್ತಿಯಾದ ಕೋಶಗಳಲ್ಲಿ ಈಸ್ಟ್ರೋಜನ್ ರಿಸೆಪ್ಟರೇ ಕಡಿಮೆಯಾಗುತ್ತದೆ, ಪಿ-27 ಎಂಬ ಬ್ರೇಕ್ ಪ್ರೋಟೀನೂ ಕಡಿಮೆಯಾಗುತ್ತದೆ, ಟ್ಯಾಮಾಕ್ಸಿಫೆನ್ ನಾಟುವುದಿಲ್ಲ. ಇದು ಲ್ಯಾಬಿನಲ್ಲಿ ಬೆಳೆಸಿದ ಕೋಶಗಳಲ್ಲಿ ಕಂಡ ಮಾತು. ಇದನ್ನು ಓದಿ ಅಕ್ಕನ ಮಾತ್ರೆ ಕೆಲಸ ಮಾಡುತ್ತೋ ಇಲ್ವೋ ಅಂತ ದಯವಿಟ್ಟು ಚಿಂತೆ ಹಚ್ಚಿಕೊಳ್ಳಬೇಡಿ. ಇಆರ್ ಪಾಸಿಟಿವ್ ಇರುವವರಲ್ಲಿ ಟ್ಯಾಮಾಕ್ಸಿಫೆನ್‌ನಿಂದ ಕ್ಯಾನ್ಸರ್ ಮರುಕಳಿಸುವುದು ಕಡಿಮೆಯಾಗುತ್ತದೆ ಅನ್ನೋದು ಸಾವಿರಾರು ಹೆಂಗಸರನ್ನು ದಶಕಗಳ ಕಾಲ ನೋಡಿ ಖಾತ್ರಿಯಾದದ್ದು.

ಈಗ ಆ ರಕ್ತಪರೀಕ್ಷೆಗೆ ಬರೋಣ. ರಕ್ತದಲ್ಲಿ ಮೈಕ್ರೋ ಆರ್‌ಎನ್‌ಎ ಇರುತ್ತದೆ, ಬೇಗ ಹಾಳಾಗದೆ ಉಳಿಯುತ್ತದೆ ಕೂಡ ಅಂತ 2008ರಲ್ಲಿ ತೋರಿಸಿದಾಗ ನಾವೆಲ್ಲ ತುಂಬಾ ಆಸೆ ಇಟ್ಟುಕೊಂಡಿದ್ದೆವು. ಸೂಜಿ ಚುಚ್ಚಿ ಒಂದು ಟ್ಯೂಬ್ ರಕ್ತ ತೆಗೆದರೆ ಸಾಕಲ್ವಾ? ಆದರೆ ಆ ಟ್ಯೂಬ್ ಲ್ಯಾಬಿಗೆ ಬಂದ ಮೇಲೆ ಏನಾಗುತ್ತದೆ ನೋಡಿ. ನೇರಳೆ ಮುಚ್ಚಳದ ಟ್ಯೂಬನ್ನು ಯಂತ್ರದಲ್ಲಿ ತಿರುಗಿಸಿದರೆ ಕೆಂಪು ಕಣಗಳು ಕೆಳಗಿಳಿದು ಮೇಲೆ ತಿಳಿ ಹಳದಿ ಪ್ಲಾಸ್ಮಾ ನಿಲ್ಲಬೇಕು. ಬಹಳ ಸಲ ಅದು ತುಸು ಗುಲಾಬಿಯಾಗಿರುತ್ತದೆ. ನರ ಸಿಗದೆ ಸೂಜಿ ಒದ್ದಾಡಿರಬಹುದು, ಟ್ಯೂಬ್ ಜೋರಾಗಿ ಅಲುಗಾಡಿರಬಹುದು, ಕೊರಿಯರ್ ಡಬ್ಬದಲ್ಲಿ ಬಿಸಿಲಿಗೆ ಗಂಟೆಗಟ್ಟಲೆ ಕೂತಿರಬಹುದು. ಗುಲಾಬಿ ಅಂದರೆ ಕೆಂಪು ಕಣಗಳು ಒಡೆದಿವೆ ಅಂತ ಅರ್ಥ. ಕೆಂಪು ಕಣಗಳೊಳಗೆ ಮಿರ್-451, ಮಿರ್-16 ರಾಶಿ ರಾಶಿ ಇರುತ್ತವೆ. ಅವು ಒಡೆದು ಪ್ಲಾಸ್ಮಾಗೆ ಬೆರೆತವು ಅಂದರೆ ಅಳತೆ ಕೆಟ್ಟಿತು. ಒಂದು ಕಾಲದಲ್ಲಿ ಎಷ್ಟೋ ಲ್ಯಾಬುಗಳು ಇದೇ ಮಿರ್-16 ಅನ್ನು ಅಳತೆಯ ಆಧಾರವಾಗಿ ಇಟ್ಟುಕೊಂಡು ಉಳಿದದ್ದನ್ನು ಅದಕ್ಕೆ ಹೋಲಿಸುತ್ತಿದ್ದವು, ಅಂದರೆ ಆಧಾರವೇ ಅಲುಗಾಡುತ್ತಿತ್ತು. ಕಣ್ಣಿಗೆ ಗುಲಾಬಿ ಕಾಣದಷ್ಟು ಸ್ವಲ್ಪ ಒಡೆದಿದ್ದರೂ ಲೆಕ್ಕ ಏರುಪೇರಾಗುತ್ತದೆ. ಪ್ಲೇಟ್‌ಲೆಟ್ ಮತ್ತು ಬಿಳಿ ರಕ್ತಕಣಗಳಿಂದಲೂ ಇದೇ ತೊಂದರೆ. ರಕ್ತದಲ್ಲಿ ಓಡಾಡುವ ಮೈಕ್ರೋ ಆರ್‌ಎನ್‌ಎಯಲ್ಲಿ ಹೆಚ್ಚಿನ ಪಾಲು ರಕ್ತಕಣಗಳದ್ದೇ, ಗಡ್ಡೆಯದ್ದು ಚೂರೇ ಚೂರು. ಅಕ್ಕನಿಗಂತೂ ಗಡ್ಡೆ ತೆಗೆದೇ ಆಗಿದೆ.

2010ರಲ್ಲಿ ಐರ್ಲೆಂಡಿನ ಒಂದು ತಂಡ ಸ್ತನ ಕ್ಯಾನ್ಸರ್ ಇದ್ದವರ ರಕ್ತದಲ್ಲಿ ಮಿರ್-195 ಮತ್ತು ಲೆಟ್-7ಎ ಹೆಚ್ಚಿವೆ ಅಂತ ಪ್ರಕಟಿಸಿತು. ಗಡ್ಡೆಯ ವಿಷಯದಲ್ಲಿ ಕ್ಯಾನ್ಸರನ್ನು ತಡೆಯುವುದು ಅಂತ ಹೆಸರಾದ ಲೆಟ್-7 ರಕ್ತದಲ್ಲಿ ಹೆಚ್ಚು! ಆಮೇಲೆ ಬಂದ ಪ್ರಬಂಧಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಒಬ್ಬರ ಪಟ್ಟಿ ಇನ್ನೊಬ್ಬರ ಪಟ್ಟಿಗೆ ಹೊಂದುವುದು ಕಷ್ಟ. ಹಾಗಾಗಿ ಕೀಮೋ ಕೊಡಬೇಕೋ ಬೇಡವೋ ಅಂತ ನಿರ್ಧರಿಸಲು ರಕ್ತದ ಮೈಕ್ರೋ ಆರ್‌ಎನ್‌ಎ ನೋಡುವುದು ಇವತ್ತಿನ ಚಿಕಿತ್ಸಾ ಕ್ರಮದಲ್ಲಿ ಇಲ್ಲ. ಅಗ್ಗ ಅನ್ನುವುದು ನಿಜವಿರಬಹುದು. ಆದರೆ ರಿಪೋರ್ಟಿನಲ್ಲಿ "ಹೈ ರಿಸ್ಕ್" ಅಂತ ಬಂದರೆ ಅಕ್ಕ ರಾತ್ರಿ ನಿದ್ದೆ ಮಾಡುತ್ತಾರಾ? "ಲೋ ರಿಸ್ಕ್" ಅಂತ ಬಂದು ನೀವೆಲ್ಲ ನಿರಾಳವಾಗಿ ಬೇಕಾದ ಕೀಮೋ ಬಿಟ್ಟರೆ? ಎರಡೂ ದುಬಾರಿ.

ಡಾಕ್ಟರು ಹೇಳಿದ 21 ಜೀನ್ ಟೆಸ್ಟ್, ಅಂದರೆ ಆಂಕೋಟೈಪ್, ರಕ್ತದ್ದಲ್ಲ. ಆಪರೇಷನ್ನಿನಲ್ಲಿ ತೆಗೆದ ಗಡ್ಡೆಯನ್ನು ಮೇಣದಲ್ಲಿ ಕೂರಿಸಿ ಇಟ್ಟಿರುತ್ತಾರಲ್ಲ, ಆ ಬ್ಲಾಕ್‌ನಿಂದ ಮಾಡುವುದು. 16 ಕ್ಯಾನ್ಸರ್ ಜೀನ್‌ಗಳು ಮತ್ತು ಹೋಲಿಕೆಗೆ 5 ಜೀನ್‌ಗಳ ಮೆಸೆಂಜರ್ ಆರ್‌ಎನ್‌ಎ ಅಳೆದು 0ಯಿಂದ 100ರವರೆಗೆ ಒಂದು ಅಂಕ ಕೊಡುತ್ತಾರೆ. ಇದರ ಹಿಂದೆ 10,000ಕ್ಕೂ ಹೆಚ್ಚು ಹೆಂಗಸರ ಮೇಲೆ ನಡೆದ ಟೈಲರ್-ಎಕ್ಸ್ ಅಧ್ಯಯನ ಇದೆ, 2018ರಲ್ಲಿ ಫಲಿತಾಂಶ ಬಂತು. ಅಕ್ಕನಂತೆ ಗ್ರಂಥಿಗಳಿಗೆ ಹರಡದ, ಇಆರ್ ಪಾಸಿಟಿವ್, ಹರ್-2 (ಕೋಶ ಬೆಳೆಯುವಂತೆ ಮಾಡುವ ಒಂದು ಪ್ರೋಟೀನ್) ನೆಗೆಟಿವ್ ಇರುವವರನ್ನೇ ಅದರಲ್ಲಿ ತೆಗೆದುಕೊಂಡಿದ್ದರು. ಅಂಕ 26 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಕೀಮೋ. 50 ದಾಟದವರಲ್ಲಿ 15 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಹಾರ್ಮೋನ್ ಔಷಧಿ ಸಾಕು. 16ರಿಂದ 25ರ ನಡುವೆ ಬಂದರೆ ಈ ವಯಸ್ಸಿನವರಿಗೆ ಕೀಮೋದಿಂದ ಸ್ವಲ್ಪ ಉಪಯೋಗ ಕಂಡಿತ್ತು, ಅಂಕ ಮೇಲಕ್ಕೆ ಹೋದಷ್ಟೂ ಉಪಯೋಗ ಜಾಸ್ತಿ. ಅಕ್ಕನಿಗೆ 44, ಹಾಗಾಗಿ ಈ ಕೊನೆಯ ಮಾತನ್ನು ಡಾಕ್ಟರ ಹತ್ತಿರ ಬಿಡಿಸಿ ಕೇಳಿ.

ದುಡ್ಡು ನಿಜವಾಗಿ ಕಷ್ಟ ಆದರೆ ಅದನ್ನು ಮುಚ್ಚಿಡದೆ ಡಾಕ್ಟರಿಗೆ ಹೇಳಿ. ನಮ್ಮ ಬೆಂಗಳೂರಿನಲ್ಲೇ ರೂಪಿಸಿದ ಕ್ಯಾನ್‌ಅಸಿಸ್ಟ್ ಅನ್ನುವ ಟೆಸ್ಟ್ ಇದೆ. ಅದೂ ಬ್ಲಾಕ್‌ನಿಂದಲೇ, ಐದು ಪ್ರೋಟೀನ್‌ಗಳನ್ನು ನೋಡಿ ಲೆಕ್ಕ ಹಾಕುತ್ತಾರೆ. ಆಂಕೋಟೈಪ್‌ನಷ್ಟು ದೊಡ್ಡ ಅಧ್ಯಯನದ ಬೆಂಬಲ ಅದಕ್ಕಿಲ್ಲ, ಆದರೂ ರಕ್ತದ ಮೈಕ್ರೋ ಆರ್‌ಎನ್‌ಎಗಿಂತ ಎಷ್ಟೋ ಮೇಲು. ಯಾವ ಟೆಸ್ಟೂ ಬೇಡ ಅಂದರೆ ಗಡ್ಡೆಯ ಗ್ರೇಡ್ (ಕೋಶಗಳು ಸಹಜ ರೂಪದಿಂದ ಎಷ್ಟು ದೂರ ಹೋಗಿವೆ ಅನ್ನುವ ಅಂದಾಜು), ಕೆಐ-67 (ಕೋಶಗಳು ಎಷ್ಟು ಬೇಗ ವಿಭಜನೆಯಾಗುತ್ತಿವೆ ಅಂತ ತೋರಿಸುವ ಗುರುತು), ಗಾತ್ರ, ವಯಸ್ಸು ಇಟ್ಟುಕೊಂಡು ನಿರ್ಧರಿಸುವ ದಾರಿಯೂ ಇದೆ, ಅದು ಕೀಳು ದಾರಿ ಅಲ್ಲ. ನಾನಾಗಿದ್ದರೆ ಆ ರಕ್ತಪರೀಕ್ಷೆಯ ದುಡ್ಡಿನಲ್ಲಿ ಬ್ಲಾಕ್ ಮತ್ತು ಸ್ಲೈಡ್‌ಗಳನ್ನು ದೊಡ್ಡ ಕ್ಯಾನ್ಸರ್ ಆಸ್ಪತ್ರೆಯ ಪೆಥಾಲಜಿಸ್ಟ್ ಒಬ್ಬರಿಗೆ ಇನ್ನೊಮ್ಮೆ ತೋರಿಸುತ್ತಿದ್ದೆ. ಇಆರ್ ಎಷ್ಟು ಪರ್ಸೆಂಟ್, ಗ್ರೇಡ್ ಎಷ್ಟು ಅನ್ನುವುದು ಸರಿಯಾಗಿ ಗೊತ್ತಾದರೆ ಅರ್ಧ ಗೊಂದಲ ಅಲ್ಲೇ ಮುಗಿಯುತ್ತದೆ.

ಇಳಿಸುವ ಔಷಧಿ ಕೇಳಿದಿರಿ. ಮೈಕ್ರೋ ಆರ್‌ಎನ್‌ಎಗೆ ಜೋಡಿಯಾಗುವ ಉಲ್ಟಾ ತುಂಡೊಂದನ್ನು ತಯಾರಿಸಿ ಕೊಟ್ಟರೆ ಅದನ್ನು ಕಟ್ಟಿಹಾಕಬಹುದು. 2010ರಲ್ಲಿ ಮಿರ್-10ಬಿ ವಿರುದ್ಧ ಹೀಗೆ ಮಾಡಿದಾಗ ಇಲಿಗಳಲ್ಲಿ ಮೂಲ ಗಡ್ಡೆ ಕುಗ್ಗಲಿಲ್ಲ, ಆದರೆ ಶ್ವಾಸಕೋಶಕ್ಕೆ ಹರಡುವುದು ಬಹಳ ಕಡಿಮೆಯಾಯಿತು. ಮೇಲಿನ ಕಥೆಗೆ ಇದು ಎಷ್ಟು ಚೆನ್ನಾಗಿ ಹೊಂದುತ್ತದೆ ನೋಡಿ. ಅದೇ ದಾರಿಯಲ್ಲಿ ಕಬ್ಬಿಣದ ಆಕ್ಸೈಡಿನ ನ್ಯಾನೋಕಣಗಳಿಗೆ ಜೋಡಿಸಿದ ಮಿರ್-10ಬಿ ವಿರೋಧಿ ಔಷಧಿಯೊಂದು ಅಮೆರಿಕದಲ್ಲಿ ಮನುಷ್ಯರ ಮೇಲಿನ ಮೊದಲ ಹಂತದ ಪ್ರಯೋಗಕ್ಕೆ ಬಂದಿದೆ. ನನಗೆ ಇದರ ಮೇಲೆ ಕಣ್ಣಿದೆ.

ಎಚ್ಚರಿಕೆಯ ಕಥೆಯೂ ಇದೆ. ಕ್ಯಾನ್ಸರ್ ತಡೆಯುವ ಮಿರ್-34ರ ನಕಲನ್ನು ಕೊಬ್ಬಿನ ಗುಳ್ಳೆಯಲ್ಲಿಟ್ಟು ರೋಗಿಗಳಿಗೆ ಕೊಡುವ ಪ್ರಯೋಗ 2013ರಲ್ಲಿ ಶುರುವಾಯಿತು. ಹೆಸರು ಎಂಆರ್‌ಎಕ್ಸ್-34. ರೋಗನಿರೋಧಕ ವ್ಯವಸ್ಥೆ ಕೆರಳಿ ತೀವ್ರ ಅಡ್ಡಪರಿಣಾಮಗಳಾದವು, ನಾಲ್ವರು ತೀರಿಕೊಂಡರು, 2016ರಲ್ಲಿ ಪ್ರಯೋಗ ನಿಂತಿತು. ಸಣ್ಣ ಆರ್‌ಎನ್‌ಎ ಔಷಧಿಗಳು ಬೇರೆ ಕಾಯಿಲೆಗಳಿಗೆ 2018ರಿಂದ ಬಳಕೆಯಲ್ಲಿವೆ, ಆದರೆ ಅವು ಹೆಚ್ಚಾಗಿ ಲಿವರ್‌ಗೆ ಸಂಬಂಧಪಟ್ಟವು, ಯಾಕೆಂದರೆ ರಕ್ತಕ್ಕೆ ಬಿಟ್ಟ ಇಂಥ ತುಂಡುಗಳು ಲಿವರ್‌ಗೆ ತಲುಪುವುದು ಸುಲಭ. ಎಲ್ಲೋ ಮೂಳೆಯಲ್ಲಿ ಅಡಗಿರುವ ಸ್ತನ ಕ್ಯಾನ್ಸರ್ ಕೋಶಕ್ಕೆ ತಲುಪಿಸುವುದು ಇನ್ನೂ ಕಷ್ಟವೇ.

ಆಹಾರದ ವಿಷಯ. ಅರಿಶಿನದ ಕರ್ಕ್ಯುಮಿನ್ ಮಿರ್-21 ಇಳಿಸುತ್ತದೆ ಅಂತ ವಾಟ್ಸಾಪಿನಲ್ಲಿ ಬಂದಿರಬಹುದು. ಅದು ತಟ್ಟೆಯಲ್ಲಿ ಬೆಳೆಸಿದ ಕೋಶಗಳ ಮೇಲೆ ನೇರವಾಗಿ ಸುರಿದಾಗ ಕಂಡದ್ದು, ಬಾಯಲ್ಲಿ ತಿಂದಾಗ ರಕ್ತಕ್ಕೆ ಸೇರುವುದು ತೀರಾ ಅತ್ಯಲ್ಪ. ಸಾರು ಪಲ್ಯಕ್ಕೆ ಹಾಕುವ ಅರಿಶಿನ ಎಂದಿನಂತೆ ಇರಲಿ, ಏನೂ ತೊಂದರೆಯಿಲ್ಲ. ಆದರೆ ಕರ್ಕ್ಯುಮಿನ್ ಕ್ಯಾಪ್ಸೂಲ್, ಅದರಲ್ಲೂ ಕರಿಮೆಣಸಿನ ಪಿಪರಿನ್ ಸೇರಿಸಿದ್ದು, ಅಕ್ಕನಿಗೆ ಕೊಡಬೇಡಿ. 2019ರಲ್ಲಿ ನೆದರ್ಲೆಂಡ್ಸಿನ ಒಂದು ಸಣ್ಣ ಅಧ್ಯಯನದಲ್ಲಿ, ಟ್ಯಾಮಾಕ್ಸಿಫೆನ್ ತೆಗೆದುಕೊಳ್ಳುವವರು ಇದನ್ನೂ ನುಂಗಿದಾಗ ರಕ್ತದಲ್ಲಿ ಟ್ಯಾಮಾಕ್ಸಿಫೆನ್ ಮಟ್ಟವೂ, ಅದರಿಂದ ತಯಾರಾಗುವ ಎಂಡಾಕ್ಸಿಫೆನ್ ಮಟ್ಟವೂ ಇಳಿದವು. ಒಳ್ಳೆಯದಾಗಲಿ ಅಂತ ಕೊಟ್ಟದ್ದು ಔಷಧಿಯನ್ನೇ ತಗ್ಗಿಸಿದರೆ ಏನು ಬಂತು?

ಕೊನೆಗೆ, ನಿಮಗೂ ಬರಬಹುದಾ ಅಂತ ಕೇಳಿದ್ದು. ಇದಕ್ಕೂ ಮೈಕ್ರೋ ಆರ್‌ಎನ್‌ಎ ಟೆಸ್ಟ್ ಉತ್ತರ ಹೇಳುವುದಿಲ್ಲ. ಇಲ್ಲಿ ಬೇಕಾಗುವುದು ಬಿಆರ್‌ಸಿಎ-1, ಬಿಆರ್‌ಸಿಎ-2 ಮತ್ತು ಅದರ ಜೊತೆಗಿನ ಕೆಲವು ಜೀನ್‌ಗಳ ಡಿಎನ್‌ಎ ಪರೀಕ್ಷೆ. ಇವುಗಳಲ್ಲಿ ದೋಷ ಇದ್ದರೆ ಸ್ತನ ಕ್ಯಾನ್ಸರ್ ಬರುವ ಸಾಧ್ಯತೆ ಹೆಚ್ಚು, ಆ ದೋಷ ತಂದೆ ತಾಯಿಯಿಂದ ಮಕ್ಕಳಿಗೆ ಬರಬಹುದು. ಅಕ್ಕನಿಗೆ 50ರ ಒಳಗೇ ಕ್ಯಾನ್ಸರ್ ಬಂದಿರುವುದರಿಂದ ಇದನ್ನು ಕೇಳಲು ಸರಿಯಾದ ಕಾರಣ ಇದೆ. ಆದರೆ ಮೊದಲು ನೀವು ಮಾಡಿಸಬೇಡಿ, ಅಕ್ಕನಿಗೆ ಮಾಡಿಸಿ. ಅವರಲ್ಲಿ ದೋಷ ಸಿಕ್ಕರೆ ಅದೇ ದೋಷ ನಿಮ್ಮಲ್ಲಿದೆಯಾ ಅಂತ ಮಾತ್ರ ನೋಡಿದರಾಯಿತು, ಅದು ಖರ್ಚೂ ಕಡಿಮೆ, ಉತ್ತರವೂ ಸ್ಪಷ್ಟ. ನೀವೊಬ್ಬರೇ ಮಾಡಿಸಿ ನೆಗೆಟಿವ್ ಬಂದರೆ ಅದು ಸಮಾಧಾನವೋ ಅಲ್ಲವೋ ಅಂತ ಯಾರಿಗೂ ಹೇಳಲು ಬರುವುದಿಲ್ಲ. ಅಪ್ಪನ ಕಡೆಯವರ ಇತಿಹಾಸವನ್ನೂ ಕೇಳಿ ಬರೆದಿಟ್ಟುಕೊಳ್ಳಿ, ಇದು ಅಮ್ಮನ ಕಡೆಯಿಂದಲೇ ಬರಬೇಕು ಅಂತೇನಿಲ್ಲ. ಸೋದರತ್ತೆಯಂದಿರಿಗೆ ಅಂಡಾಶಯದ ಕ್ಯಾನ್ಸರ್ ಇತ್ತಾ, ಗಂಡಸರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಇತ್ತಾ, ಯಾವ ವಯಸ್ಸಿನಲ್ಲಿ ಅಂತ ತಿಳಿದುಕೊಂಡು ಜೆನೆಟಿಕ್ ಕೌನ್ಸೆಲರ್ ಹತ್ತಿರ ಹೋಗುವಾಗ ತೆಗೆದುಕೊಂಡು ಹೋಗಿ. ನಿಮ್ಮ ವಯಸ್ಸು ಬರೆದಿಲ್ಲ. ಅಕ್ಕನ ವಿಷಯ ಹೇಳಿ, ಮ್ಯಾಮೊಗ್ರಾಮ್ ಯಾವಾಗಿಂದ ಶುರು ಮಾಡಬೇಕು ಅಂತ ಅದೇ ಡಾಕ್ಟರನ್ನು ಈ ಸಲವೇ ಕೇಳಿಬಿಡಿ.